ಜ್ವರಕ್ಕೆ ಕೂತ ಕಂಪ್ಯೂಟರ್

ಅವರ ಬಲಗೈ ತೋರುಬೆರಳಿಗೆ ಅರ್ಧ ಉಗುರೇ ಇರಲಿಲ್ಲ. ಚಿಕ್ಕಂದಿನಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚುವಾಗ ಕುಡುಗೋಲಿಗೆ ಕೊಟ್ಟದ್ದಂತೆ. ಆ ಮೊಂಡು ಬೆರಳೊಂದರಿಂದಲೇ ಕೀಬೋರ್ಡು ಕುಟ್ಟುತ್ತಿದ್ದರು. ಸದ್ದು ಮೆಟ್ಟಿಲವರೆಗೂ ಕೇಳುತ್ತಿತ್ತು.

ಚಿಕ್ಕಬಳ್ಳಾಪುರದ ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರು. ಶಿಡ್ಲಘಟ್ಟದ ಹತ್ತಿರ ಊರು. ಬೆಳಗ್ಗೆ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿ, ಒಂಬತ್ತಕ್ಕೆ ನಮ್ಮ ಲ್ಯಾಬಿನ ಬೀಗ ತೆಗೆಯುತ್ತಿದ್ದರು. ಎರಡೂ ಕಡೆ ಅವರ ಭಾಷೆ ಒಂದೇ. ಹುಳು ಪೊರೆ ಬಿಡುವ ಮೊದಲು ಮೇವು ನಿಲ್ಲಿಸಿ, ತಲೆಯೆತ್ತಿ ಸುಮ್ಮನೆ ಕೂರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ತಟ್ಟೆ ಅಲುಗಿಸುವಂತಿಲ್ಲ.

ಕೊನೇ ವರ್ಷದ ಪ್ರಾಜೆಕ್ಟಿಗೆ ನಾನು ಟ್ರಾಫಿಕ್ ದೀಪದ ಚಿಪ್ಪೊಂದನ್ನು ವಿನ್ಯಾಸ ಮಾಡಿದ್ದೆ. ಎರಡು ದಿಕ್ಕಿಗೂ ಒಟ್ಟಿಗೆ ಹಸಿರು ಬರುವುದೇ ಇಲ್ಲ ಎಂದು ಸಾಬೀತು ಮಾಡುವ ಒಂದು ತಂತ್ರಾಂಶವಿತ್ತು. ಅದರ ಬಿಡುಗಡೆಯಾದ ಆವೃತ್ತಿ ನನ್ನ ವಿನ್ಯಾಸವನ್ನು ಅರ್ಧ ಓದಿ ನಿಂತುಬಿಡುತ್ತಿತ್ತು. ಆ ದೋಷ ಸರಿಹೋಗಿದ್ದದ್ದು ಇನ್ನೂ ಬಿಡುಗಡೆಯಾಗದ, ದಿನಾ ತಿದ್ದುತ್ತಲೇ ಇರುವ ಆವೃತ್ತಿಯಲ್ಲಿ ಮಾತ್ರ.

"ಇದಿನ್ನೂ ಪೊರೆ ಬಿಡ್ತಾ ಇರೋ ಹುಳ ಕಣಮ್ಮಾ. ಇವತ್ತಿದ್ದಂಗೆ ನಾಳೆ ಇರಲ್ಲ. ನಿದಾನಂ," ಎಂದು ಸೋಮವಾರ ಪೂರ್ತಿ ಕೂತು ಹಾಕಿಕೊಟ್ಟರು. ಅವತ್ತಿನ ಪ್ರತಿಯ ಗುರುತು, ಏಳು ಅಕ್ಷರ–ಅಂಕಿ, ತೋರಿಸಿ, "ಬರಕೋ" ಅಂದರು. ನಾನು ತಲೆಯಾಡಿಸಿದೆ. ಬರೆದುಕೊಳ್ಳಲಿಲ್ಲ.

ಯಾರೂ ಮುಟ್ಟದಿರಲಿ ಎಂದು ಮಾನಿಟರಿಗೆ ಚೀಟಿ ಅಂಟಿಸಿದರು: "ಜ್ವರ. ಮುಟ್ಟಬೇಡಿ."

ಬುಧವಾರ ಮಧ್ಯಾಹ್ನ ಹೊರಗಿನ ಪರೀಕ್ಷಕರು ಬರುವವರಿದ್ದರು. ಬೆಳಗ್ಗೆ ಬಂದು ನೋಡಿದರೆ ಕಂಪ್ಯೂಟರ್ ಬೋಳು. ಕರಾವಳಿಯಿಂದ ಹೊಸದಾಗಿ ಬಂದಿದ್ದ ಟೆಕ್ನಿಷಿಯನ್ ಸಂತೋಷವಾಗಿ ನಿಂತಿದ್ದ.

"ಜ್ವರ ಅಂತ ಬರ್ದಿತ್ತಲ್ಲ ಸರ್! ವೈರಸ್ ಇರ್ಬೇಕು ಅಂತ ಪೂರ್ತಿ ಫಾರ್ಮ್ಯಾಟ್ ಮಾಡಿದೆ."

ಮೇಷ್ಟ್ರು ಅವನನ್ನೊಮ್ಮೆ, ಚೀಟಿಯನ್ನೊಮ್ಮೆ ನೋಡಿದರು. "ಒಳ್ಳೆ ಡಾಕ್ಟ್ರಪ್ಪ ನೀನು!" ಎಂದರು, ಅಷ್ಟೇ.

ವಿನ್ಯಾಸ ನನ್ನ ಪೆನ್‌ಡ್ರೈವಿನಲ್ಲಿತ್ತು. ಆದರೆ ತಂತ್ರಾಂಶದ ಬುಧವಾರದ ಪ್ರತಿ ಹಾಕಿದರೆ ಅದು ಶುರುವಾಗಲೇ ಇಲ್ಲ. ನಡುವೆ ಯಾರೋ ಏನೋ ತಿದ್ದಿದ್ದರು. ಸೋಮವಾರದ ಪ್ರತಿಯೇ ಬೇಕು; ಗುರುತು ಕೊಟ್ಟರೆ ಹಳೇ ಪ್ರತಿ ನೆಟ್ಟಿನಿಂದ ಮತ್ತೆ ಸಿಗುತ್ತಿತ್ತು.

"ಆ ಏಳು ಅಕ್ಷರ ಹೇಳಮ್ಮಾ."

ನಾನು ನೆಲ ನೋಡಿದೆ. ಅವರು ಬೈಯಲಿಲ್ಲ. ಮನೆಯಲ್ಲಿದ್ದ ಹೆಂಡತಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

"ಲೇ, ಹುಳುಮನೆ ಕ್ಯಾಲೆಂಡರ್‌ನಲ್ಲಿ ಸೋಮವಾರದ ಮನೆ ನೋಡು. ಮೂರನೇ ಜ್ವರದ ಕೆಳಗೆ ಏನ್ ಬರ್ದಿದೀನಿ?"

"ಬಿ... ಆರು... ಇ... ನಾಲ್ಕು... ಇದೇನ್ರೀ, 'ಓ'ನೋ ಸೊನ್ನೆನೋ? ಕೋಳಿ ಕೆರೆದಂಗೈತೆ."

"ಸೊನ್ನೆ ಕಣೇ, ಇದ್ರಲ್ಲಿ ಓ ಬರಲ್ಲ. ಮುಂದಕ್ಕೆ ಓದು."

"ಡಿ... ಒಂದು. ಯಾವ ಹುಳದ್ದು ಇದು?"

"ಚಿಂತಾಮಣಿ ಹುಡುಗಿದು," ಎಂದು ನನ್ನತ್ತ ನೋಡಿದರು. "ನೀನು ಬರಕೊಳ್ಳಲ್ಲ ಅಂತ ಅವತ್ತೇ ಗೊತ್ತಿತ್ತಮ್ಮಾ."

ಪರೀಕ್ಷಕರು ಕಾಫಿ ಮುಗಿಸಿ ಬರುವಷ್ಟರಲ್ಲಿ ಆ ಮೊಂಡು ಬೆರಳು ಕೆಲಸ ಮುಗಿಸಿತ್ತು. ನನ್ನ ದೀಪಗಳು ಒಂದಾದ ಮೇಲೊಂದು ಹಸಿರಾದವು, ಒಟ್ಟಿಗೆ ಆಗಲಿಲ್ಲ.

ಈಗ ಅದೇ ಲ್ಯಾಬಿನಲ್ಲಿ ನಾನು ಪಾಠ ಮಾಡುತ್ತೇನೆ. ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಅವರ ಹೆಂಡತಿಯನ್ನು ಮಾತಾಡಿಸಲು ಊರಿಗೆ ಹೋದಾಗ ಆ ಅಮ್ಮ ಬಾಗಿಲಲ್ಲೇ ತುಟಿಗೆ ಬೆರಳಿಟ್ಟರು.

"ಮೆಲ್ಲಗೆ ಬಾಮ್ಮಾ. ಜ್ವರಕ್ಕೆ ಕೂತವೆ."

ಇಬ್ಬರೂ ಹುಳುಮನೆಯಲ್ಲಿ ಸದ್ದಿಲ್ಲದೆ ಅತ್ತೆವು. ಗೋಡೆಯ ಮೇಲೆ ವರ್ಷ ವರ್ಷದ ಕ್ಯಾಲೆಂಡರ್‌ಗಳು ಒಂದರ ಮೇಲೊಂದು ತೂಗುತ್ತಿದ್ದವು. ಹುಳುಗಳ ಲೆಕ್ಕದ ಕೆಳಗೆ ಎಷ್ಟೊಂದು ಏಳು ಅಕ್ಷರಗಳು! ನಾವ್ಯಾರೂ ಬರೆದುಕೊಂಡಿರಲಿಲ್ಲ.

ಅಮ್ಮ ಕಣ್ಣೊರೆಸಿಕೊಂಡು ಪಿಸುಗುಟ್ಟಿದರು: "ಇವು ಯಾರಿಗಾದರೂ ಬೇಕಾಗ್ತವೆ ಅಂತ ತೆಗೆದಿಲ್ಲ ಕಣಮ್ಮಾ. ಫೋನ್ ಮಾಡಿದ್ರೆ ಓದ್ತೀನಿ. ಸೊನ್ನೆ ಯಾವುದು ಅಂತ ಈಗ ಗೊತ್ತಾಗತ್ತೆ."