ಮ್ಯಾಚಿಗೆ ಮುಂಚೆ ಯಾರ ಮನೆಯಲ್ಲಿ ಉಣ್ಣಬೇಕು

ಪರವೂರಿಗೆ ಫುಟ್‌ಬಾಲ್ ಆಡಲು ಹೋಗುವವರು ಮೈದಾನ ನೋಡುವ ಮೊದಲು ಹೋಟೆಲಿನ ಹಿತ್ತಲು ನೋಡಬೇಕು. ಮುಂಬಾಗಿಲಲ್ಲಿ ಊದುಬತ್ತಿ ಹಚ್ಚಿಟ್ಟು, ಹಿಂದೆ ನೆನ್ನೆಯ ಸಾಂಬಾರಿಗೆ ಇವತ್ತಿನ ನೀರು ಬೆರೆಸುವವರನ್ನು ಮಂಡ್ಯದಿಂದ ಮಳವಳ್ಳಿಯವರೆಗೆ ಬೇಕಾದಷ್ಟು ಕಂಡಿದ್ದೇನೆ. ಬಸ್ಸಿನ ಡ್ರೈವರು ಎಲ್ಲಿ ಕೂರುತ್ತಾನೋ ಅಲ್ಲಿ ಕೂರಿ ಅಂತ ಕೆಲವರು ಹೇಳಿಕೊಡುತ್ತಾರೆ. ಅದನ್ನೂ ನಂಬಬೇಡಿ. ಬಸ್ಸು ನಿಲ್ಲಿಸಿದ್ದಕ್ಕೆ ಡ್ರೈವರಿಗೆ ಗಟ್ಟಿ ಚಟ್ನಿ, ಇಳಿದು ಬಂದ ನಮಗೆ ತೆಳು ಚಟ್ನಿ. ಕೂರುವ ಮೊದಲೇ ರೇಟು ಕೇಳಿ, ಎರಡನೇ ಸಲ ಅನ್ನ ಬಡಿಸುತ್ತಾರೋ ಇಲ್ಲವೋ ಕೇಳಿ, ಆಮೇಲೆ ಚಪ್ಪಲಿ ಬಿಡಿ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಮಂಡ್ಯದ ಒಂದು ಫುಟ್‌ಬಾಲ್ ಟೀಮಿಗೆ ಮ್ಯಾನೇಜರನಾಗಿದ್ದೆ. ಆಟ ಬರುತ್ತಿತ್ತು ಅಂತಲ್ಲ. ನನ್ನದು ಸೈಕಲ್ ಶಾಪು. ಆಟಗಾರರು ಚೆಂಡಿಗೆ ಗಾಳಿ ತುಂಬಿಸಲು ಬರುತ್ತಿದ್ದರು. ಬ್ಲಾಡರಿಗೆ ಪಂಕ್ಚರ್ ಹಾಕಿಕೊಟ್ಟೆ, ಬಸ್ಸಿನವರ ಹತ್ತಿರ ಚೌಕಾಸಿ ಮಾಡಿ ಚೆಂಡು, ಶೂ, ಬಾವುಟದ ಗಂಟಿಗೆ ಲಗೇಜು ಚಾರ್ಜು ಬಿಡಿಸಿಕೊಟ್ಟೆ, ಹೋದ ಊರಿನಲ್ಲಿ ಊಟ ಗೊತ್ತು ಮಾಡಿಕೊಟ್ಟೆ. ಒಂದು ದಿನ ನೋಡಿದರೆ ಎಲ್ಲರೂ ನನ್ನನ್ನು ಮ್ಯಾನೇಜರು ಅನ್ನುತ್ತಿದ್ದರು. ಊಟದ ವಿಷಯ ನನಗೆ ಚೆನ್ನಾಗಿ ಗೊತ್ತು ಅಂತ ನನ್ನ ನಂಬಿಕೆ. ಹನ್ನೆರಡನೇ ವಯಸ್ಸಿಗೆ ಮನೆ ಬಿಟ್ಟು ಬಂದು, ಕಾಸು ಕೊಟ್ಟು ಹೋಟೆಲಿನಲ್ಲೇ ಉಂಡು ಬೆಳೆದವನು ನಾನು. ಕಾಸು ಕೇಳದೆ ಯಾರಾದರೂ ಊಟ ಹಾಕಿದರೆ ನನಗೆ ಆಗ ಮೊದಲು ಬರುತ್ತಿದ್ದ ಯೋಚನೆ ಒಂದೇ: ಇವನಿಗೆ ನನ್ನಿಂದ ಏನಾಗಬೇಕು?

ನಮ್ಮ ಕಡೆ ಒಂದು ಪದ್ಧತಿ ಇತ್ತು. ಆಡಲು ಬಂದ ಟೀಮಿಗೆ ಮ್ಯಾಚಿಗೆ ಮುಂಚೆ ಆ ಊರಿನವರೇ ಊಟ ಹಾಕುತ್ತಿದ್ದರು. ಆ ವರ್ಷ ಮೊದಲು ಮದ್ದೂರಿಗೆ ಹೋದೆವು. ಅವರು ಒಬ್ಬರ ಮನೆಯಲ್ಲಿ ಸಾಲಾಗಿ ಕೂರಿಸಿ ಹೋಳಿಗೆ ಹಾಕಿದರು, ಮೇಲೆ ತುಪ್ಪ. ನಮ್ಮ ಗೋಲ್ ಕೀಪರು ಒಬ್ಬನೇ ಏಳು ಹೋಳಿಗೆ ತಿಂದ. ಮೂರು ಗಂಟೆಗೆ ಆಟ ಶುರುವಾದರೆ ನಮ್ಮವರು ಕೆಸರುಗದ್ದೆಯಲ್ಲಿ ನಡೆದ ಹಾಗೆ ನಡೆಯುತ್ತಿದ್ದರು. ಮೂರು ಗೋಲು ಹೊಡೆಸಿಕೊಂಡು ಬಂದೆವು. ಬರುವಾಗ ರೈಲಿನಲ್ಲಿ ಕೂತು ಯೋಚಿಸಿದೆ. ಮದ್ದೂರಿನ ಆಟಗಾರರು ನಮಗೆ ಬಡಿಸಿದರು, ಇನ್ನೊಂದು ಹಾಕಿಸಿಕೊಳ್ಳಿ ಅಂತ ಬಲವಂತ ಮಾಡಿದರು, ಆದರೆ ನಮ್ಮ ಕಣ್ಣೆದುರಿಗೆ ಅವರಲ್ಲಿ ಒಬ್ಬನೂ ಎಲೆ ಮುಂದೆ ಕೂರಲಿಲ್ಲ. ನನಗೆ ಅಷ್ಟೇ ಸಾಕಾಯಿತು. ಇನ್ನು ಮೇಲೆ ಮ್ಯಾಚಿಗೆ ಮುಂಚೆ ಎದುರು ಟೀಮಿನ ಮನೆಯಲ್ಲಿ ತುತ್ತು ಎತ್ತುವ ಹಾಗಿಲ್ಲ ಅಂತ ಕಾನೂನು ಮಾಡಿದೆ.

ಮುಂದಿನದು ಮಳವಳ್ಳಿ. ಅಲ್ಲೇ ತೊಡಕು.

ನಮ್ಮ ಫಾರ್ವರ್ಡು ಮಂಡ್ಯದ ಹತ್ತಿರದ ಸರ್ಕಾರಿ ಬೇಸಾಯದ ವಿ.ಸಿ. ಫಾರಂನಲ್ಲಿ ಕೂಲಿ ಕೆಲಸದವನು. ಇಪ್ಪತ್ತನಾಲ್ಕು ವರ್ಷ, ಉದ್ದ ಕಾಲು, ಕಡಿಮೆ ಮಾತು. ಮಳವಳ್ಳಿಯ ಒಂದು ಹೆಣ್ಣನ್ನು ಅವನಿಗೆ ತರುವ ಮಾತು ನಡೆಯುತ್ತಿತ್ತು. ಹೆಣ್ಣಿನ ಸೋದರಮಾವನೇ ಮಳವಳ್ಳಿ ಟೀಮನ್ನು ನಡೆಸುತ್ತಿದ್ದವನು. ಆದರೆ ಆ ಮನೆಯಲ್ಲಿ ಕೊನೆಯ ಮಾತು ಅಜ್ಜಿಯದು, ಆ ಮಾವನ ತಾಯಿ. ಆಗಲೇ ಎರಡು ಗಂಡುಗಳನ್ನು ಆಕೆ ವಾಪಸ್ಸು ಕಳಿಸಿದ್ದಳಂತೆ. ಗಂಡು ಎಲೆ ಮುಂದೆ ಕೂತು ಹೇಗೆ ಉಣ್ಣುತ್ತಾನೆ ನೋಡದೆ ಮೊಮ್ಮಗಳನ್ನು ಕೊಡುವುದಿಲ್ಲ ಅಂತ ಆಕೆಯ ಹಟ. ಮ್ಯಾಚಿನ ದಿನ ಟೀಮಿಗೆಲ್ಲ ಆ ಮನೆಯಲ್ಲೇ ಊಟ, ಹಾಗೆಯೇ ಗಂಡು ನೋಡುವ ಶಾಸ್ತ್ರವೂ ಮುಗಿಯುತ್ತದೆ ಅಂತ ಹೇಳಿಕಳಿಸಿದ್ದರು. ಬಂಡೂರಿನಿಂದ ಕುರಿ ತರಿಸಿದ್ದರು.

ಇದನ್ನು ಕೇಳಿ ಫಾರ್ವರ್ಡು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ನನಗೆ ಮಾತ್ರ ಅನುಮಾನ ಇನ್ನೂ ಬಲವಾಯಿತು. ಫಾರಂ ಕೂಲಿಯವನಿಗೆ ಹೊಲಗದ್ದೆ ಇರುವ ಮನೆಯವರು ತಾವಾಗಿ ಹೆಣ್ಣು ಕೊಡಲು ಬರುತ್ತಾರೆಯೇ? ಅದೂ ಮ್ಯಾಚಿನ ದಿನವೇ ನೋಡಬೇಕೇ? ಬಂಡೂರು ಕುರಿಯ ಬಾಡು ಬೆಣ್ಣೆಯ ಹಾಗೆ ಇಳಿಯುತ್ತದೆ, ಕೊಬ್ಬು ಜಾಸ್ತಿ, ಜೊತೆಗೆ ಮುದ್ದೆ. ಎರಡು ಮುದ್ದೆ ಮುರಿದ ಫಾರ್ವರ್ಡು ನಾಲ್ಕು ಗಂಟೆಯ ಮ್ಯಾಚಿನಲ್ಲಿ ಓಡುತ್ತಾನೆಯೇ, ನಿದ್ದೆ ಮಾಡುತ್ತಾನೆಯೇ? ಹೆಣ್ಣಿನ ಆಸೆ ತೋರಿಸಿ ಅವನನ್ನು ತಮ್ಮ ಟೀಮಿಗೆ ಎಳೆದುಕೊಳ್ಳುವ ಹಂಚಿಕೆಯೂ ಇರಬಹುದು ಅಂತ ನನ್ನ ಲೆಕ್ಕ.

ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಆ ಸೋದರಮಾವ ಬಿಳಿ ಪಂಚೆ ಉಟ್ಟು ಕಾಯುತ್ತಿದ್ದ. ನಾನು ಮುಂದೆ ಹೋಗಿ ನಮ್ಮವರಿಗೆ ಹೊಟ್ಟೆ ಅಷ್ಟು ಸರಿಯಿಲ್ಲ, ಮ್ಯಾಚು ಮುಗಿಸಿಕೊಂಡು ಬರುತ್ತೇವೆ ಅಂದೆ. ಹನ್ನೊಂದು ಜನಕ್ಕೂ ಒಂದೇ ದಿನ ಹೊಟ್ಟೆ ಕೆಡುವುದು ಯಾರೂ ನಂಬುವ ಮಾತಲ್ಲ. ಅವನು ನನ್ನ ಮುಖವನ್ನು, ಫಾರ್ವರ್ಡನ ಮುಖವನ್ನು ನೋಡಿದ.

"ಮನೇಲಿ ಎಲ್ಲಾ ಆಗೈತೆ. ನಮ್ಮವ್ವ ಬಾಗ್ಲಲ್ಲೇ ಕುಂತವ್ಳೆ. ಏನಂತ ಯೋಳ್ಲಿ ನಾನು?"

ಬರುತ್ತಾರೆ ಅಂತ ಹೇಳಿ ಅಂದೆ. ಅವನು ಇನ್ನೇನೂ ಕೇಳದೆ ತಿರುಗಿ ಹೊರಟ. ಇಷ್ಟು ಸುಲಭವಾಗಿ ಬಿಟ್ಟನಲ್ಲ ಅಂತ ಅದೂ ಒಂದು ಅನುಮಾನ ನನಗೆ.

ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಕರೆದುಕೊಂಡು ಹೋದೆ. ಹಿತ್ತಲು ನೋಡಿದೆ, ಸಾಂಬಾರಿನ ಕೊಳದಪ್ಪಲೆಯ ಮುಚ್ಚಳ ತೆಗೆಸಿ ಮೂಸಿದೆ. ತಲೆಗೆ ಎರಡು ಇಡ್ಲಿ, ಒಂದು ಹಿಡಿ ಮೊಸರನ್ನ. ಪಲ್ಯ ಬೇಡ, ಹಪ್ಪಳ ಬೇಡ, ಬೇಡ ಅಂದದ್ದಕ್ಕೆಲ್ಲ ರೇಟು ಇಳಿಸಬೇಕು ಅಂದೆ. ಹೋಟೆಲಿನ ಯಜಮಾನರು ಇಳಿಸಿದರು. ಆಡಲು ಬಂದವರು ಅಂತ ಕೇಳಿ, ತಮ್ಮ ಕಡೆಯಿಂದ ಒಂದೊಂದು ಲೋಟ ಪಾಯಸ ಅಂದರು. ಬಿಟ್ಟಿ ಪಾಯಸ ಅಂದ ಕೂಡಲೇ ನಾನು ಬೇಡ ಅಂದುಬಿಟ್ಟೆ. ನಿಮಗೂ ಮಳವಳ್ಳಿ ಟೀಮಿನವರಿಗೂ ನೆಂಟಸ್ತನ ಇದೆಯೋ ಅಂತ ಕೇಳಿಯೂ ಕೇಳಿದೆ.

ಅವರು ಟವೆಲು ಹೆಗಲ ಮೇಲೆ ಹಾಕಿಕೊಂಡು ನಿಧಾನವಾಗಿ ಹೇಳಿದರು: "ನೀರಾದರೂ ಕೊಡಬಹುದೋ ಸ್ವಾಮಿ, ಅದನ್ನೂ ಮಂಡ್ಯದಿಂದ ತಂದಿದ್ದೀರೋ?"

ನಮ್ಮವರೆಲ್ಲ ನಕ್ಕರು. ಫಾರ್ವರ್ಡು ನಗಲಿಲ್ಲ. ಅವನು ಇಡ್ಲಿ ಮುರಿದು ಮುರಿದು ಪುಡಿ ಮಾಡಿದ್ದ.

"ಆ ಅಜ್ಜಿ ಏನಂದ್ಕತದೋ ಅಣ್ಣ. ನಾನೊಬ್ನಾದ್ರೂ ಓಗ್ಬತ್ತೀನಿ."

"ಎಣ್ಣು ಎಲ್ಗೂ ಓಡೋಗಲ್ಲ ಕಣ್ಲಾ. ತಿನ್ನು ಸುಮ್ಕೆ," ಅಂದೆ.

ಮೊದಲರ್ಧದಲ್ಲಿ ನನ್ನ ಲೆಕ್ಕ ಸರಿ ಅನ್ನಿಸಿತು. ನಮ್ಮವರು ಹಗುರವಾಗಿ ಓಡಿದರು, ಫಾರ್ವರ್ಡು ಒಂದು ಗೋಲು ಹೊಡೆದ. ಆದರೆ ಮಳವಳ್ಳಿಯವರು ಆಡುತ್ತಿದ್ದ ರೀತಿ ವಿಚಿತ್ರವಾಗಿತ್ತು. ಅವರು ಗಟ್ಟಿ ಆಳುಗಳು ಅಂತ ಕೇಳಿದ್ದೆ. ಇಲ್ಲಿ ನೋಡಿದರೆ ಹತ್ತು ಮಾರು ಓಡಿ ಸೊಂಟ ಹಿಡಿದು ನಿಲ್ಲುತ್ತಿದ್ದರು. ಗೋಲಿನ ಮುಂದೆ ತಡೆಯಲು ನಿಂತಿದ್ದ ಒಬ್ಬ ಬ್ಯಾಕು ಕಾಲು ಸೆಳೆತ ಬಂದು ಕೂತೇಬಿಟ್ಟ. ಇದೂ ಏನೋ ಆಟ ಇರಬೇಕು, ನಮ್ಮನ್ನು ದಣಿಸಿ ಕೊನೆಯಲ್ಲಿ ಮೇಲೆ ಬೀಳುತ್ತಾರೆ ಅಂತ ನಮ್ಮವರಿಗೆ ಎಚ್ಚರಿಕೆ ಹೇಳಿಕಳಿಸಿದೆ.

ಹಾಫ್ ಟೈಮಿನಲ್ಲಿ ನಾವು ನಿಂಬೆಹಣ್ಣು ಹೋಳು ಮಾಡಿ ಹಂಚುತ್ತಿದ್ದಾಗ ಆ ಬ್ಯಾಕು ಕುಂಟಿಕೊಂಡು ನಮ್ಮ ಹತ್ತಿರ ಬಂದು ಒಂದು ಹೋಳು ಕೇಳಿದ. ಫಾರ್ವರ್ಡು ಕೊಟ್ಟ. ಅವನು ಸಿಪ್ಪೆ ಸಮೇತ ಅಗಿದ. ಯಾಕಪ್ಪ ಹೀಗೆ ಅಂತ ನಮ್ಮವನು ಕೇಳಿದ್ದಕ್ಕೆ ಅವನು ಸಿಟ್ಟೂ ಇಲ್ಲದೆ, ಸಂಕೋಚವೂ ಇಲ್ಲದೆ ಹೇಳಿದ.

"ನಮ್ಗೂ ಅಲ್ಲೇ ಊಟ ಅಂತ ಯೋಳಿದ್ರು. ನೆಂಟ್ರು ಉಣ್ದೆ ನಮ್ಗೆ ಇಕ್ಕೋದಾದ್ರೂ ಎಂಗೆ? ನೀವು ಈಗ ಬತ್ತೀರಿ, ಆಗ ಬತ್ತೀರಿ ಅಂತ ಮೂರೂವರೆಗಂಟ ಕುಂತಿದ್ದೊ. ಆಮ್ಯಾಕೆ ಒಂದ್ ಲೋಟ ಮಜ್ಜಿಗೆ ಕುಡ್ದು ಎದ್ ಬಂದೊ."

ಆ ಮನೆಯಲ್ಲಿ ಬೆಳಗಿನಿಂದ ಯಾರೂ ಉಂಡಿರಲಿಲ್ಲ. ನಾವು ಮ್ಯಾಚು ಮುಗಿದ ಮೇಲೆಯೇ ಬರುವುದು ಅಂತ ತಾಯಿಗೆ ಹೇಳಲು ಆ ಸೋದರಮಾವನಿಗೆ ನಾಲಗೆ ಬರಲಿಲ್ಲ. ಬರುತ್ತಾರೆ ಅಂತ ಹೇಳಿ ಅಂದವನು ನಾನೇ. ಅವನು ಹಾಗೇ ಹೇಳಿದ್ದ. ಹೇಳಿದ ಮೇಲೆ ಅಜ್ಜಿ ಮಡಕೆಯ ಮುಚ್ಚಳ ತೆಗೆಯಲಿಲ್ಲ. ನೆಂಟರಿಗೆ ಮೊದಲು, ಮನೆಯವರಿಗೆ ಆಮೇಲೆ ಅನ್ನುವುದು ನಮ್ಮ ಸೀಮೆಯ ಯಾವ ಹಟ್ಟಿಯಲ್ಲೂ ಇರುವ ನಡವಳಿಕೆ. ಮದ್ದೂರಿನವರು ಬಡಿಸುತ್ತಾ ನಿಂತದ್ದೂ ಅದಕ್ಕೇ. ನನಗೆ ಗೊತ್ತಿರಲಿಲ್ಲ ಅಂತ ಹೇಳಲಾರೆ. ಚಿಕ್ಕವನಾಗಿದ್ದಾಗ ನಮ್ಮ ತಾಯಿ ಹಾಗೆ ಕಾದದ್ದನ್ನು ನೋಡಿದವನೇ. ಹೋಟೆಲಿನ ಬೆಂಚಿನ ಮೇಲೆ ಇಷ್ಟು ವರ್ಷ ಕೂತು ಅದು ನನ್ನ ತಲೆಯಿಂದ ಜಾರಿಹೋಗಿತ್ತು.

ಎರಡನೇ ಅರ್ಧದಲ್ಲಿ ಫಾರ್ವರ್ಡು ಸಿಕ್ಕ ಚೆಂಡನ್ನೆಲ್ಲ ಆಚೆ ಬೇಲಿಗೆ ಒದೆಯುತ್ತಿದ್ದ. ಒಂದು ಸಲ ಎದುರಿಗೆ ಗೋಲ್ ಕೀಪರು ಕೂಡ ಇರಲಿಲ್ಲ, ಆದರೂ ಒದೆಯದೆ ಚೆಂಡಿನ ಮೇಲೆ ಕಾಲಿಟ್ಟು ನಿಂತ. ಒಂದು ಗೋಲಿನಲ್ಲಿ ನಾವು ಗೆದ್ದೆವು. ಮೈದಾನದಿಂದ ಹೊರಗೆ ಬರುತ್ತಿದ್ದ ಹಾಗೆ ನಾನು ಅವನ ತೋಳು ಹಿಡಿದು, ಹೆಣ್ಣಿನ ಕಡೆಯವರಿಗೆ ಆಟ ಬಿಟ್ಟುಕೊಟ್ಟೆಯಾ ಅಂತ ಕೇಳಿದೆ. ಅಷ್ಟಾದ ಮೇಲೂ ನನ್ನ ಬಾಯಿಂದ ಬಂದದ್ದು ಅದೇ.

"ಅಸ್ದೋರ್ ಮ್ಯಾಕೆ ಗೋಲ್ ಒಡಿಯಾಕೆ ಕಾಲ್ ಬರ್ನಿಲ್ಲ ಕಣಣ್ಣ," ಅಂದ. ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಕೆಂಪು ಧೂಳಿನ ಬನಿಯನ್ನಿನಲ್ಲೇ ಆ ಮನೆಯ ಕಡೆ ನಡೆದ. ಉಳಿದವರು ನನ್ನ ಮುಖ ನೋಡಿದರು. ನಾನೂ ಅವನ ಹಿಂದೆ ಹೊರಟೆ.

ಇನ್ನೂ ಹೊತ್ತು ಮುಳುಗಿರಲಿಲ್ಲ. ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಅಷ್ಟರಲ್ಲಿ ಯಾರೋ ಎಲ್ಲಾ ಹೇಳಿದ್ದರು.

"ಓಟ್ಲಲ್ಲಿ ಉಂಡ್ ಬಂದೋನು ಯಾರ್ಲಾ?"

"ನಾನೇ ಕಣಜ್ಜಿ. ಸರ್ಯಾಗಿ ಉಣ್ನಿಲ್ಲ. ಅಸಿತಾ ಐತೆ, ಇಕ್ತೀಯಾ?"

ಅಜ್ಜಿ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ, ನನ್ನ ಕಡೆ ಗಲ್ಲ ಎತ್ತಿ ತೋರಿಸಿದಳು. "ನಾಳೆ ನನ್ ಮೊಮ್ಮಗ್ಳು ಇಕ್ಕುದ್ರೂ ಇವನ್ನ ಕೇಳೇ ಉಣ್ತೀಯೇನ್ಲಾ?"

ಅವನು ಕೈಯಲ್ಲಿದ್ದ ಶೂ ಜಗಲಿಯ ಕೆಳಗಿಟ್ಟ. "ಆಟದಲ್ಲಿ ಅಣ್ಣನ್ ಮಾತ್ ಕೇಳ್ತೀನಿ. ಎಲೆ ಮುಂದೆ ಇನ್ ಕೇಳಲ್ಲ."

"ಕಾಲ್ ತೊಳ್ಕೊ ಓಗು," ಅಂದಳು. ಸೋದರಮಾವ ನಮ್ಮ ಟೀಮನ್ನೆಲ್ಲ ಒಳಗೆ ಕರೆದ. ನಾನು ಮಾತ್ರ ಜಗಲಿಯ ಕೆಳಗೇ ನಿಂತಿದ್ದೆ. ನನ್ನದು ಊಟ ಆಗಿದೆಯಮ್ಮ ಅಂದೆ. ನಾಚಿಕೆಯಿಂದ ಅಂದದ್ದು. ಆದರೆ ಆ ದಿನ ನಾನು ನಡೆದುಕೊಂಡದ್ದಕ್ಕೆ ಅದು ಬೇರೆ ಥರ ಕೇಳಿಸಿರಬೇಕು.

"ಯಾಕಪ್ಪಾ, ಮದ್ದಾಕಿವ್ನಿ ಅಂತನಾ?"

ಊಟದಲ್ಲಿ ವಿಷದಂಥ ಮದ್ದು ಇಡುವ ಮಾತು ನಮ್ಮ ಕಡೆ ತಮಾಷೆಗೂ ಯಾರೂ ಆಡುವುದಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಆಕೆ ಎದ್ದು ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಮುದ್ದೆ, ಸಾರು ಹಿಡಿದು ಬಂದಳು. ಜಗಲಿಯ ಮೇಲೆ ನನ್ನ ಎದುರಿಗೇ ಕೂತು ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದಳು. ಬಾಗಿಲಲ್ಲಿ ನಿಂತಿದ್ದ ಮಗ "ಅವ್ವಾ" ಅಂತ ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತ. ತಾನು ಹುಟ್ಟಿದಾಗಿನಿಂದ ನೆಂಟರಿಗಿಂತ ಮೊದಲು ತನ್ನ ತಾಯಿ ಒಂದು ತುತ್ತು ಎತ್ತಿದ್ದನ್ನು ನೋಡಿಲ್ಲ ಅಂತ ಆಮೇಲೆ ಅವನು ನನಗೆ ಹೇಳಿದ. ಅಜ್ಜಿ ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬೈಗುಳಕ್ಕೆ ಉತ್ತರ ಕೊಡುವುದು ನನಗೆ ಚೆನ್ನಾಗಿ ಬರುತ್ತಿತ್ತು.

"ಈಗ ಬಾ, ಕುಂತ್ಕೊ," ಅಂದಳು ಆಕೆ.

ಹೋಗಿ ಫಾರ್ವರ್ಡನ ಪಕ್ಕ ಕೂತೆ. ಬಾಡಿನ ಸಾರು ತಣ್ಣಗಾಗಿ ಮೇಲೆ ಕೊಬ್ಬು ಕೆನೆಗಟ್ಟಿತ್ತು. ಹೆಣ್ಣು ಬಡಿಸುತ್ತಾ ನನ್ನ ಎಲೆಯ ಹತ್ತಿರ ಬಂದಾಗ ಒಂದು ಕ್ಷಣ ನಿಂತು, ಆಮೇಲೆ ಎಲ್ಲರಿಗೂ ಹಾಕಿದಷ್ಟೇ ಹಾಕಿದಳು. ಫಾರ್ವರ್ಡು ತಲೆ ಎತ್ತದೆ ಮೂರನೇ ಮುದ್ದೆ ಕೇಳಿದ. ನಾವು ಎದ್ದ ಮೇಲೆಯೇ ಮಳವಳ್ಳಿಯ ಆಟಗಾರರು ಕೂತದ್ದು. ಕೊಟ್ಟಿಗೆಯ ಹತ್ತಿರ ಕಾಯುತ್ತಿದ್ದವರು ಎಲೆ ಮುಂದೆ ಕೂತದ್ದೇ ಎರಡೆರಡು ಮುದ್ದೆ ಹಾಕಿಸಿಕೊಂಡರು.

ಹೊರಡುವಾಗ ಅಜ್ಜಿ ಅವನಿಗೆ, ಬರುವ ಸೋಮವಾರ ನಿನ್ನ ಅಪ್ಪ ಅಮ್ಮನನ್ನು ಕರೆದುಕೊಂಡು ಬಾ ಅಂತ ಹೇಳಿದಳು. ನಾನು ಕೈ ಮುಗಿದು, ಜಗಲಿಯ ಮೇಲೆ ಹಾಗೇ ಇದ್ದ ಆಕೆಯ ತಟ್ಟೆಯನ್ನು ನೋಡಿದೆ. ಒಂದು ತುತ್ತು ಮುರಿದದ್ದು ಬಿಟ್ಟರೆ ಮುದ್ದೆ ಹಾಗೇ ಇತ್ತು. ಎಲ್ಲರಿಗೂ ಇಕ್ಕಿ ಆದ ಮೇಲೆ ಉಣ್ಣಲು ಎತ್ತಿಟ್ಟುಕೊಂಡಿದ್ದಳು.