ಮಂಜಮ್ಮನ ಸ್ಕೂಟರಿಗೆ ತೆಳು ಆಯಿಲ್

ಸಿರಿಗೇರಿಯ ಗುರುಸ್ವಾಮಿಯ ಲೆಕ್ಕದಲ್ಲಿ ಬಳ್ಳಾರಿ ಸೀಮೆಗೆ ಇರುವುದು ಎರಡೇ ಕಾಲ: ಬಿಸಿಲುಗಾಲ, ಕಡುಬಿಸಿಲುಗಾಲ. ಅದಿರು ಲಾರಿ ಓಡಿಸಿಯೇ ತಲೆ ನರೆಸಿಕೊಂಡ ಮನುಷ್ಯ. ಕಾದ ಎಂಜಿನ್ನಿನಲ್ಲಿ ತೆಳು ಆಯಿಲ್ ನೀರಾಗುವುದನ್ನು ಕಣ್ಣಾರೆ ಕಂಡವನು. ಹಾಗಾಗಿ ಹೆಂಡತಿ ಮಂಜಮ್ಮನ ಹಳೇ ಸ್ಕೂಟರಿಗೂ ವರ್ಷವಿಡೀ ದಪ್ಪ ಆಯಿಲ್ಲೇ, ಅದೂ ಬಳ್ಳಾರಿಯ ಕೌಲ್ ಬಜಾರಿನಿಂದ ತಾನೇ ತಂದದ್ದು. ಬೇಸಿಗೆಗೆ ಅದು ಸರಿಯೇ ಅನ್ನಿ. ಆದರೆ ಡಿಸೆಂಬರಿನ ನಸುಕಿನಲ್ಲಿ, ಕಾಲುವೆ ಕಡೆಯಿಂದ ಥಂಡಿ ಗಾಳಿ ಬೀಸುವಾಗ, ಆಯಿಲ್ ಮಂದವಾಗಿ ಕುಳಿತುಬಿಡುತ್ತಿತ್ತು. ಕಿಕ್ಕು ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಸೆಲ್ಫ್ ಬಟನ್ ಕೆಟ್ಟು ಯಾವ ಕಾಲವಾಯಿತೋ!

ಬೆಳಕು ಹರಿಯುವುದರೊಳಗೆ ಮಂಜಮ್ಮ ಹೂವಿನ ಬುಟ್ಟಿಯೊಂದಿಗೆ ಸಿರುಗುಪ್ಪ ಮುಟ್ಟಬೇಕು. ಆದ್ದರಿಂದ ಚಳಿಗಾಲ ಬಂತೆಂದರೆ ಗುರುಸ್ವಾಮಿ ಮಫ್ಲರ್ ಸುತ್ತಿಕೊಂಡು, ಗೊಣಗುತ್ತಲೇ ಎದ್ದು ಬಂದು ಗಾಡಿ ಒದೆಯುತ್ತಿದ್ದ. ಎಂಜಿನ್ ಬೆಚ್ಚಗಾಗುವವರೆಗೆ ಇಬ್ಬರೂ ಅಂಗಳದಲ್ಲಿ ನಿಂತು ಒಂದೇ ಲೋಟದ ಚಹಾ ಹಂಚಿಕೊಂಡು ಕುಡಿಯುತ್ತಿದ್ದರು. ದಿನದಲ್ಲಿ ಅವನಿಗೆ ಬಲು ಇಷ್ಟದ ಹೊತ್ತು ಅದೇ. ಬಾಯಿಬಿಟ್ಟು ಹೇಳಿದವನಲ್ಲ, ಅಷ್ಟೇ.

ಈ ವರ್ಷ ಅವನ ಮೊಣಕಾಲು ಕೈಕೊಟ್ಟಿತು. ಕಿಕ್ ಹೊಡೆಯುವುದು ಇನ್ನು ಬಂದ್ ಎಂದರು ಡಾಕ್ಟರು. ಮಂಜಮ್ಮ ತಾನೇ ಒದ್ದು ಒದ್ದು ಸುಸ್ತಾದಳು. ಅವಳು ಸಿರುಗುಪ್ಪ ಸೇರುವಷ್ಟರಲ್ಲಿ ಗಿರಾಕಿಗಳೆಲ್ಲ ಬೇರೆಯವರ ಹತ್ತಿರ ಹೂ ಕೊಂಡು ಹೋಗಿದ್ದರು.

"ಸಾಕ್ರಿ ಈ ವ್ಯಾಪಾರ. ಮನ್ಯಾಗ ಇರ್ತೀನಿ," ಎಂದಳು, ಬಾಡಿದ ಹೂವಿನ ಮುಂದೆ ಕುಳಿತು.

ಹೂವಿಲ್ಲದ ಮಂಜಮ್ಮನನ್ನು ಗುರುಸ್ವಾಮಿ ಕಂಡೇ ಇರಲಿಲ್ಲ. ಅಂದೇ ಮಧ್ಯಾಹ್ನ ಸ್ಕೂಟರಿನಲ್ಲಿ ಅವಳ ಹಿಂದೆ ಕುಳಿತು ಸಿರುಗುಪ್ಪಕ್ಕೆ ಹೋಗಿ, ಮೆಕ್ಯಾನಿಕ್ ಚಿನ್ನಪ್ಪನ ಅಂಗಡಿಯೊಳಗೆ ಕುಂಟುತ್ತ ನಡೆದ.

"ಚಿನ್ನಪ್ಪ, ದಪ್ಪಂದು ಇಳಿಸಿ ತೆಳುಂದು ಹಾಕು. ಚಳಿ ಐತಿ."

"ಏನ್ ಗುರುಸ್ವಾಮಣ್ಣ, ಸೂರ್ಯ ಇವತ್ತು ಯಾವ ಕಡಿ ಹುಟ್ಯಾನ?"

"ಬಾಯಿ ಮುಚ್ಚಿ ಹಾಕಲೇ! ಯುಗಾದಿ ಹತ್ರ ಬಂತಂದ್ರ ಮತ್ತ ದಪ್ಪಂದ."

ಮರುದಿನ ನಸುಕಿನಲ್ಲಿ ರೂಢಿಯಂತೆ ಮಫ್ಲರ್ ಸುತ್ತಿಕೊಂಡು ಹೊರಬಂದ. ಮಂಜಮ್ಮ ಕಾಲಿಟ್ಟು ಒಮ್ಮೆ ಒತ್ತಿದಳು. ಗಾಡಿ ಚಾಲೂ! ಅವನಿಗೆ ಖುಷಿಯೂ ಆಯಿತು, ಎದೆಯೊಳಗೆ ಏನೋ ಖಾಲಿಯೂ ಆಯಿತು.

"ಆತಲ್ಲ, ಇನ್ನ ನನ್ನ ಕೆಲ್ಸ ಮುಗೀತು," ಎಂದು ಒಳಗೆ ಹೊರಟ.

"ತೆಳು ಆಯಿಲ್ ಹಾಕಿಸವ್ವ ಅಂತ ಚಿನ್ನಪ್ಪ ಹೋದ ವರ್ಷನ ಹೇಳಿದ್ದ ನನಗ," ಎಂದಳು ಮಂಜಮ್ಮ.

ಗುರುಸ್ವಾಮಿ ಗಕ್ಕನೆ ನಿಂತ. "ಮತ್ತ ಯಾಕ ಬಾಯಿ ಬಿಡ್ಲಿಲ್ಲ ನೀ?"

"ಹೇಳಿದ್ರ ನೀವು ನನ್ನ ಜೋಡಿ ಏಳ್ತಿದ್ರೇನ್ರಿ?"

ಲಾರಿಯ ಕ್ಲೀನರುಗಳನ್ನೆಲ್ಲ ಬೈದು ನಡುಗಿಸಿದ್ದ ಗುರುಸ್ವಾಮಿ ಅಂಗಳಕ್ಕೆ ಮರಳಿ ಬಂದು ಅವಳ ಪಕ್ಕದಲ್ಲಿ ನಿಂತ. ಮಂಜಮ್ಮ ಓಡುತ್ತಿದ್ದ ಎಂಜಿನ್ನನ್ನು ಆಫ್ ಮಾಡಿ ಚಹಾದ ಲೋಟ ಅವನ ಕೈಗಿಟ್ಟಳು.

"ಮೊದ್ಲು ನೀವು ಕುಡೀರಿ. ನಾಳಿನೂ ಏಳ್ಬೇಕು ಮತ್ತ."