ನರಸೀಪುರದ ಮಂಕ್ರಿ ಕಾರು

೧೯೯೮ರಲ್ಲಿ ನಾನು ಮೈಸೂರಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ವಿಭಾಗದ ಉಪನ್ಯಾಸಕನಾಗಿದ್ದೆ. ಮನೆ ನಂಜನಗೂಡಿನಲ್ಲಿ, ದಿನವೂ ರೈಲಿನ ಓಡಾಟ. ಹಳೆಯ ಕಾರುಗಳ ಬಗ್ಗೆ ನಾಲ್ಕು ಪುಸ್ತಕ ಓದಿಕೊಂಡಿದ್ದೆನಾದ್ದರಿಂದ, ಅಂಥ ಕಾರುಗಳ ಪ್ರದರ್ಶನ ನಡೆಸುತ್ತಿದ್ದ ಕ್ಲಬ್ಬೊಂದು ನನ್ನನ್ನು ತೀರ್ಪುಗಾರನನ್ನಾಗಿ ಮಾಡಿಕೊಂಡಿತ್ತು. ನಮ್ಮ ಕಡೆಯಿಂದ ಅರ್ಜಿ ಬಂದರೆ ಮೊದಲು ನಾನು ಹೋಗಿ ಕಾರು ನೋಡಿ ಬರಬೇಕು. ಬಣ್ಣ ಮಾಸಿದ್ದರೆ ಚಿಂತೆಯಿಲ್ಲ, ಮೂಲ ರೂಪ ಕೆಡಿಸಿದ್ದರೆ ಪ್ರವೇಶವಿಲ್ಲ. ಈ ಅಧಿಕಾರ ನನ್ನ ತಲೆಗೆ ಸ್ವಲ್ಪ ಏರಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ವರ್ಷ ನರಸೀಪುರದಿಂದ ಬಂದ ಒಂದೇ ಅರ್ಜಿ, ನಿವೃತ್ತ ಶಾಲಾ ಶಿಕ್ಷಕಿ ಗೌರಮ್ಮನವರದು. ಅಕ್ಕಿ ಗಿರಣಿ ನಡೆಸುತ್ತಿದ್ದ ಅವರ ತಂದೆ ಸ್ವಾತಂತ್ರ್ಯಕ್ಕೂ ಮುಂಚೆ ಕೊಂಡ ಇಂಗ್ಲಿಷ್ ಕಾರು ಅದು. ತಯಾರಿಸಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಬಿಡಿಭಾಗ ಎಲ್ಲಿಂದ ಬರಬೇಕು? ಗೌರಮ್ಮ ಎರಡು ವರ್ಷ ಮೆಕ್ಯಾನಿಕ್ ಒಬ್ಬರ ಬೆನ್ನು ಬಿಡದೆ, ಬೇರೆ ಗಾಡಿಗಳ ಭಾಗ ಜೋಡಿಸಿ ಇಂಜಿನ್ನಿಗೆ ಜೀವ ತರಿಸಿದ್ದರು.

ಶನಿವಾರ ಬೆಳಿಗ್ಗೆ ಗಿರಣಿಯ ಹಿಂದಿನ ಶೆಡ್ಡಿಗೆ ಹೋದೆ. ಬಾಗಿಲಲ್ಲೇ ಅವರ ತಮ್ಮ ಮಾದೇವಪ್ಪ ನಿಂತಿದ್ದರು. ಗಿರಣಿ ಈಗ ಅವರದೇ ಕೈಯಲ್ಲಿತ್ತು.

"ಹೊಸ ಮಿಷನ್ ಇಡಾಕೆ ಈ ಶೆಡ್ಡು ಬೇಕು ಸಾ. ನೀವು ಸರಿ ಅಂದ್ರೆ ಅಕ್ಕನ ಕಾರಿಗೆ ಬೇರೆ ಶೆಡ್ಡು ನಾನೇ ಕಟ್ಸಿಕೊಡ್ತೀನಿ. ಆಗಲ್ಲ ಅಂದ್ಬುಟ್ರೆ ಸೋಮವಾರ ಗುಜರಿಯೋನು ಬತ್ತಾನೆ."

ಅಕ್ಕ ತಮ್ಮನ ನಡುವೆ ಹಾಗೆ ಮಾತಾಗಿತ್ತಂತೆ. ಗೌರಮ್ಮ ಒಳಗೆ ಕಾರಿನ ಹೆಡ್‌ಲೈಟ್ ಒರೆಸುತ್ತಿದ್ದರು.

ಕಾರಿನ ಮುಂಭಾಗ ನೋಡಿ ನನಗೆ ಖುಷಿಯಾಯಿತು. ರೇಡಿಯೇಟರ್, ಮಡ್‌ಗಾರ್ಡಿನ ಇಳಿಜಾರು ಎಲ್ಲವೂ ಹಳೆಯ ಕ್ಯಾಟಲಾಗಿನ ಚಿತ್ರದಂತೆಯೇ. ಪಕ್ಕಕ್ಕೆ ಬಂದು ನಿಂತಾಗ ಮಾತ್ರ ಮುಖ ಸಿಂಡರಿಸಿದೆ. ರೂಫ್‌ಲೈನ್ ಎಂದರೆ ಪಕ್ಕದಿಂದ ಕಾಣುವ ಚಾವಣಿಯ ಗೆರೆ. ಹಳೆಯ ಕಾರಿನ ಅರ್ಧ ಚೆಲುವು ಅದರಲ್ಲೇ ಇರುತ್ತದೆ. ಇಲ್ಲಿ ಅದು ಕೋಳಿ ಮುಚ್ಚುವ ಮಂಕರಿಯಂತೆ ಉಬ್ಬಿತ್ತು. ಟೇಪು ಹಿಡಿದರೆ ಕ್ಯಾಟಲಾಗಿನ ಅಳತೆಗಿಂತ ಅರ್ಧ ಅಡಿ ಹೆಚ್ಚು. ಮದುವೆ ಬಾಡಿಗೆಗೆ ಬಿಡಲು ಯಾರೋ ಎತ್ತರಿಸಿದ್ದಾರೆಂದು ತೀರ್ಮಾನಿಸಿ, 'ಚಾವಣಿ ಬದಲಾಗಿದೆ, ಪ್ರವೇಶವಿಲ್ಲ' ಎಂದು ಅರ್ಜಿಯ ಮೇಲೆ ಪೆನ್ನಿನಲ್ಲೇ ಬರೆದುಬಿಟ್ಟೆ.

ಗೌರಮ್ಮ ಅದನ್ನು ಓದಿದರು. "ಊರ ಹುಡುಗ್ರೆಲ್ಲ ಮಂಕ್ರಿ ಕಾರು ಅಂತ ಆಡ್ಕೊಂಡು ನಗೋರು ಸಾರ್. ಓದಿದೋರು ನೀವೂ ಅದನ್ನೇ ಬರೆದ್ರಲ್ಲ," ಎಂದರು.

ಕಣ್ಣೆತ್ತಿ ಅವರನ್ನು ನೋಡಲಾಗಲಿಲ್ಲ. ಸಹಿ ಹಾಕಲೆಂದು ಹಿಂದಿನ ಸೀಟಿನಲ್ಲಿ ಕುಳಿತೆ. ತಲೆಯ ಮೇಲೆ ಒಂದು ಗೇಣಿಗೂ ಹೆಚ್ಚು ಖಾಲಿ ಜಾಗ.

"ಇಷ್ಟು ಎತ್ತರ ಯಾಕೆ ಬೇಕಾಯ್ತಮ್ಮ?"

"ಪೇಟಕ್ಕೆ ಸಾರ್. ನಮ್ಮಪ್ಪಾರು ಪೇಟ ಇಲ್ದೆ ಹೊಸ್ತಿಲು ದಾಟೋರಲ್ಲ, ಕಾರ್ನಲ್ಲೂ ತೆಗೀತಿರಲಿಲ್ಲ. ಬಡಗಿಗೆ ಅಳತೆ ಕೊಡೋವಾಗ್ಲೂ ಪೇಟ ಸುತ್ಕೊಂಡೇ ಕುಂತಿದ್ರಂತೆ."

"ಕಾರಿಗೆ ಬಡಗಿಯೇ?"

"ಹೂಂ ಸಾರ್. ಇಂಗ್ಲೆಂಡಿಂದ ಬಂದಿದ್ದು ಇಂಜಿನ್ನು, ಚಕ್ರ, ಮುಂದಿನ ಮೂತಿ ಅಷ್ಟೇ. ಮಿಕ್ಕಿದ್ದೆಲ್ಲ ಮೈಸೂರ್ನಲ್ಲೇ ಕಟ್ಟಿಸಿದ್ದು."

ಹಣೆ ಹಣೆ ಚಚ್ಚಿಕೊಂಡೆ. ಆ ಕಾಲದಲ್ಲಿ ಕಂಪನಿಗಳು ಬರಿಯ ಚಾಸಿಯನ್ನೂ, ಎಂದರೆ ಇಂಜಿನ್ನು ಚಕ್ರಗಳಿರುವ ಅಡಿಚೌಕಟ್ಟನ್ನಷ್ಟೇ, ಮಾರುತ್ತಿದ್ದವು, ಕೊಂಡವರು ತಮ್ಮೂರಿನಲ್ಲೇ ಬಾಡಿ ಕಟ್ಟಿಸಿಕೊಳ್ಳುತ್ತಿದ್ದರು. ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಇದನ್ನೇ ಹೇಳಿಕೊಡುತ್ತಿದ್ದವನು ನಾನು! ನನ್ನ ವಿದ್ಯೆ ಪುಸ್ತಕದ ಬದನೆಕಾಯಿಯಾಗಿತ್ತು.

ಆದರೂ ಬಾಯಿಮಾತನ್ನು ನಂಬಿ ತೀರ್ಪು ಕೊಡುವಂತಿಲ್ಲ. ಚಾವಣಿಯನ್ನು ಆಮೇಲೆ ಎತ್ತರಿಸಿದ್ದರೆ ಅದನ್ನು ಹೊತ್ತ ಮರದ ಕಂಬಗಳಿಗೆ ತುಂಡು ಜೋಡಿಸಿರಲೇಬೇಕು. ಗೌರಮ್ಮನವರ ಒಪ್ಪಿಗೆ ಪಡೆದು ಒಳಗಿನ ಬಟ್ಟೆಯ ಹೊದಿಕೆ ಬಿಚ್ಚತೊಡಗಿದೆ. ಮಾದೇವಪ್ಪ ಟಾರ್ಚ್ ಹಿಡಿದರು. ಮೊದಲ ಕಂಬದಲ್ಲಿ ಜೋಡಣೆ ಕಾಣಲಿಲ್ಲ. ಎರಡನೆಯದರಲ್ಲೂ ಮೂರನೆಯದರಲ್ಲೂ ಇಲ್ಲ. ಕೊನೆಯದಾದ ನಾಲ್ಕನೆಯದನ್ನು ಬುಡದಿಂದ ತುದಿಯವರೆಗೆ ಉಗುರಿನಿಂದ ಸವರಿ ನೋಡಿದೆ. ಅದೂ ಒಂದೇ ತೇಗದ ತುಂಡು. ಆ ಎತ್ತರ ಹುಟ್ಟಿನಿಂದಲೇ ಬಂದದ್ದು.

ಬರೆದಿದ್ದನ್ನು ಅಲ್ಲೇ ಹೊಡೆದುಹಾಕಿ 'ಮೂಲ ರೂಪ' ಎಂದು ಬರೆದು, ತಪ್ಪು ನನ್ನದೆಂದು ಸಹಿ ಮಾಡಿದೆ. ಗೌರಮ್ಮ ಕಾರಿನ ಮೆಟ್ಟಿಲ ಮೇಲೆ ಕುಸಿದು ಕುಳಿತು ಅತ್ತರು, ಆಮೇಲೆ ನಕ್ಕರು. ಮಾದೇವಪ್ಪ ಗಿರಣಿಯೊಳಗೆ ಹೋಗಿ ಫೋನಿನಲ್ಲಿ, "ಸೋಮವಾರ ಬರಬ್ಯಾಡ ಕಣಪ್ಪ," ಎಂದದ್ದು ಹೊರಗಿದ್ದ ನಮಗೂ ಕೇಳಿಸಿತು.

ಅಲ್ಲಿಂದಾಚೆಗೆ, ನಿವೃತ್ತನಾಗುವವರೆಗೂ, ಟೇಪು ತೆಗೆಯುವ ಮೊದಲು ನಾನು ಕಾರಿನೊಳಗೆ ಕುಳಿತು, 'ಇಲ್ಲಿ ಯಾರು ಕೂರುತ್ತಿದ್ದರು?' ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಪುಸ್ತಕ ತೆರೆಯುವುದು ಅದಾದ ಮೇಲೆ.

ಪ್ರದರ್ಶನದ ದಿನ ಮಂಕ್ರಿ ಕಾರು ಮೈಸೂರಿಗೆ ಬಂತು. ಹಿಂದಿನ ಸೀಟಿನಲ್ಲಿ ಅಪ್ಪನ ಪೇಟ ತೊಟ್ಟು ಮಾದೇವಪ್ಪ ಕುಳಿತಿದ್ದರು, ತಲೆ ತಗ್ಗಿಸಿಕೊಂಡು. ಪಕ್ಕದಲ್ಲಿದ್ದ ಗೌರಮ್ಮ ಅವರ ಬೆನ್ನಿಗೊಂದು ಗುದ್ದು ಕೊಟ್ಟರು.

"ನೆಟ್ಟಗೆ ಕುಂತ್ಕೊಳ್ಳೋ ಮಾದೇವ. ತಾಗಾಕಿಲ್ಲ ಕಣೋ!"